ಬೀಗರು ಮೆಚ್ಚಿದ ಹಲ್ಲು

ನಮ್ಮ ಚಹಾ ಕಾಯಿಸುವ ಸಮೋವರಿನ ಒಳಮೈಗೂ ನನ್ನ ಹಲ್ಲಿಗೂ ಒಂದೇ ಬಣ್ಣ ಅನ್ನೋದು ನನ್ನ ಹೆಂಡತಿ ಕಲೀಪಾಳ ತೀರ್ಪು. ಇಷ್ಟು ವರ್ಷ ಆ ಚಹಾ ಕುಡಿಸಿದವಳೂ ಅವಳೇ (ಇದನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ).

"ರೀ, ಹೊಸ ಬೀಗರು ಕುರಿ ಕಡಿದು ಔತಣ ಇಟ್ಕೊಂಡಿದಾರೆ. ಈ ಬಾಯಿ ಹೊತ್ಕೊಂಡು ಬಂದು ಮಗಳ ಮಾನ ಕಳೀಬೇಡಿ" ಎಂದು ಹಲ್ಲಿನ ಡಾಕ್ಟರಾದ ತನ್ನ ತಂಗಿ ಬುರುಲ್ ಬಳಿಗೆ ಎಳೆದೊಯ್ದಳು.

ನನ್ನ ಚಿಂತೆ ಮೂಳೆಯದು. ನಮ್ಮಲ್ಲಿ ಔತಣದ ಕುರಿಯ ಒಂದೊಂದು ಮೂಳೆಗೂ ಒಂದೊಂದು ಪದವಿ. ಹೆಣ್ಣಿನ ತಂದೆಗೆ ತೊಡೆಮೂಳೆ ಬಂದರೆ ಆ ಮನೆಯಲ್ಲಿ ಮಗಳ ಮಾತಿಗೂ ತೂಕ. ಆ ಮೂಳೆ ಕಚ್ಚಬೇಕಾದ ಹಲ್ಲೇ ಸಡಿಲಾಗಿಬಿಟ್ಟರೆ?

"ಹೆದರಬೇಡಿ ಭಾವ, ಕೊರೆಯೋದೂ ಇಲ್ಲ, ಕೆರೆಯೋದೂ ಇಲ್ಲ" ಎಂದ ಬುರುಲ್, ಹಲ್ಲಿನ ಮೇಲೆ ಮೊಸರಿನಂಥ ಜೆಲ್ ಬಳಿದಳು. ಅದು ಸೋಮಾರಿ ಅಳಿಯನ ಹಾಗೆ ಸುಮ್ಮನೆ ಕೂತಿತ್ತು. ನೀಲಿ ದೀಪ ಹಿಡಿದಳು ನೋಡಿ, ಅತ್ತೆಯನ್ನು ಕಂಡ ಸೊಸೆಯಂತೆ ಎದ್ದು ಕೆಲಸಕ್ಕಿಳಿಯಿತು! ಬೆಳಕು ಬಿದ್ದಲ್ಲೆಲ್ಲ ಕಲೆ ಮಾಯ, ಪಾಚಿ ಮಾಯ. ಕನ್ನಡಿಯಲ್ಲಿ ನೋಡಿದರೆ ತಿಯಾನ್‌ಶಾನ್ ಬೆಟ್ಟದ ಹಿಮವೇ ನನ್ನ ಬಾಯೊಳಗೆ ಬಿದ್ದಿತ್ತು. ಎಂಥ ಮಹಾನುಭಾವ ಜೆಲ್! ಕೈಮುಗಿಯೋಣವೆಂದರೆ ಅದನ್ನು ಆಗಲೇ ತೊಳೆದುಬಿಟ್ಟಿದ್ದಳು.

ಬೀಗರ ಹೊಸ್ತಿಲಲ್ಲೇ ಬಾಯ್ತುಂಬ ನಕ್ಕೆ. ಅಳಿಯನ ಅಜ್ಜಿ ಉಲ್ಕನ್ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ತಮ್ಮ ಸೊಸೆಯ, ಅಂದರೆ ನಮ್ಮ ಬೀಗಿತಿಯ ಕಿವಿಯಲ್ಲಿ, ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದರು: "ಈ ವಯಸ್ಸಿಗೆ ಇಷ್ಟು ಬಿಳುಪೇ? ಪಾಪ, ಪೂರ್ತಿ ಹಲ್ಲಿನ ಸೆಟ್ಟೇ ಕಟ್ಟಿಸ್ಕೊಂಡಿದಾರೆ ಕಣೇ. ಮೂಳೆ ಕೊಡಬೇಡ, ಮುರಿದೀತು."

ತೊಡೆಮೂಳೆ ನನ್ನ ಮೂಗಿನ ಮುಂದೆಯೇ ಹಾದು ಪಕ್ಕದಲ್ಲಿದ್ದ ನನ್ನ ತಮ್ಮನ ತಟ್ಟೆ ಸೇರಿತು. ನನಗೆ ಸಾರಿನಲ್ಲಿ ನೆನೆಸಿದ ರೊಟ್ಟಿ. ಮಗಳು ತಲೆ ತಗ್ಗಿಸಿದಳು.

"ಅಜ್ಜಿ, ಇವು ನನ್ನವೇ ಹಲ್ಲು!"

"ಹೂಂ ಕಣಪ್ಪ, ದುಡ್ಡು ಕೊಟ್ಟ ಮೇಲೆ ನಿಮ್ಮವೇ."

ತಮ್ಮನ ಕೈಯಿಂದ ಮೂಳೆ ಕಿತ್ತುಕೊಂಡೆ. ಕಚ್ಚಿದೆ, ಎಳೆದೆ, ಚೀಪಿದೆ. ನನ್ನ ಹಲ್ಲಿನಷ್ಟೇ ಬೆಳ್ಳಗಾದ ಮೂಳೆಯನ್ನು ಎಲ್ಲರೆದುರು ಇಟ್ಟೆ. ಮಗಳ ಮುಖ ಅರಳಿತು.

"ಭಲೇ!" ಅಜ್ಜಿ ತೊಡೆ ತಟ್ಟಿದರು. "ಎಂಥ ಗಟ್ಟಿ ಕೆಲಸ! ನನ್ನ ಸೆಟ್ಟು ಬೇಯಿಸಿದ ಕ್ಯಾರೆಟ್ಟಿಗೂ ಅಲ್ಲಾಡುತ್ತೆ. ಬೀಗರೇ, ನಿಮ್ಮದು ನಂಗೆ ತುಂಬಾ ಹಿಡಿಸಿಬಿಡ್ತು!"

ಬೀಗರು ಮೆಚ್ಚಿದ್ದನ್ನು ಕೊಡದೆ ಬರುವುದು ನಮ್ಮಲ್ಲಿ ಮಹಾಪರಾಧ. ಮನೆ ಮಂದಿಯೆಲ್ಲ ನನ್ನ ಬಾಯನ್ನೇ ನೋಡಿದರು. ಮರ್ಯಾದೆಯ ವಿಷಯದಲ್ಲಿ ಕಲೀಪಾ ಯಾವತ್ತೂ ಹಿಂದೆಮುಂದೆ ನೋಡಿದವಳಲ್ಲ.

"ಅದಕ್ಕೇನಂತೆ ಅಜ್ಜಿ, ನಿಮ್ಮದೇ ಅಂದ್ಕೊಳ್ಳಿ!"

ಅಷ್ಟರಲ್ಲಿ ಅಜ್ಜಿ ಬಟ್ಟಲು ತೊಳೆದು ತಂದು ನನ್ನ ಗಲ್ಲದ ಕೆಳಗೆ ಹಿಡಿದಾಗಿತ್ತು.