ಭಾವನ ಕಾರಿನ ಏದುಸಿರು

ಮಸ್ಕತ್ತಿನ ಜೂನ್ ತಿಂಗಳಲ್ಲಿ ಕಾರಿನ ಎ.ಸಿ. ಹಾಕುವುದು ಮಹಾಪರಾಧ ಎಂದು ನಂಬಿರುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಗಂಡನ ಅಣ್ಣನೇ ಆಗಬೇಕಿತ್ತೇ? ಎ.ಸಿ. ಹಾಕಿದರೆ ಅವರ ಕಾರಿನ ಇಂಜಿನ್ ಪ್ರಾಣ ಬಿಡುತ್ತದಂತೆ. ಆದ್ದರಿಂದ ಪ್ರಾಣ ಬಿಡುವ ಸರದಿ ನಮ್ಮದು!

ಕಾರು ಎಂದರೆ ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಅದರೊಳಗೆ ಹೋಗಲು ಇಳಿಯಬೇಕು, ಹೊರಗೆ ಬರಲು ಹತ್ತಬೇಕು. ಓಡುವಾಗ ಏನೂ ತಕರಾರಿಲ್ಲ. ಸಿಗ್ನಲಿನಲ್ಲಿ ನಿಂತರೆ ಮಾತ್ರ ಮೈಮೇಲೆ ಬಂದವರ ಹಾಗೆ ರೇಗುತ್ತದೆ, ಕುಸಿಯುತ್ತದೆ, ಮತ್ತೆ ರೇಗುತ್ತದೆ, ಕೊನೆಗೆ ಆಫ್. ಹಿಂದಿನವರು ಎಷ್ಟು ಹಾರ್ನ್ ಬಡಿದರೂ ಭಾವನಿಗೆ ಲೆಕ್ಕಕ್ಕಿಲ್ಲ. ನಾಚಿಕೆಯಿಂದ ಸಾಯುವುದು ಪಕ್ಕದಲ್ಲಿ ಕೂತ ನಾನು.

ರುಸೈಲ್‌ನ ಪೈಪ್ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಭಾವ ಮದುವೆಯಾಗಲಿಲ್ಲ, ಈ ಕಾರೇ ಅವರ ಸಂಸಾರ. ವರ್ಷದ ತಪಾಸಣೆಗೆ ಹೋದಾಗ ಅದು ಸರದಿಯಲ್ಲೇ ಆಫ್ ಆಗಿ, ತಳ್ಳಿಸಿಕೊಂಡು ವಾಪಸು ಬಂದಿತ್ತು. ಇನ್ನೊಮ್ಮೆ ಫೇಲಾದರೆ ಗುಜರಿಗೆ ಹಾಕುವುದೇ ಎಂದು ಭಾವನೇ ಹೇಳಿದರು. ಹೇಳಿದ ಮೇಲೆ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಹಾಗಾದರೆ ಗ್ಯಾರೇಜಿಗೆ ಕೊಡಬಾರದೇ? ಮನೆಯವರನ್ನು ಕಂಡಕಂಡವರ ಕೈಗೆ ಕೊಡುವುದುಂಟಾ ಎಂದು ನನ್ನನ್ನೇ ಕೇಳಿದರು!

ಹೀಗಾಗಿ ನಮ್ಮ ಶುಕ್ರವಾರಗಳು ಹಾಳಾದವು. ಒಲೆಯ ಮೇಲೆ ಬಂಗುಡೆ ಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಕರೆ ಬರುತ್ತಿತ್ತು. ಎಲ್ಲೋ ರಬ್ಬರ್ ನಳಿಗೆ ಬಿರುಕು ಬಿಟ್ಟು ಇಂಜಿನ್ ಕಳ್ಳಗಾಳಿ ಕುಡಿಯುತ್ತಿದೆಯಂತೆ. ಅವರು ಒಂದೊಂದು ನಳಿಗೆಗೂ ಸ್ಪ್ರೇ ಹೊಡೆಯುವುದು, ಬಿರುಕಿನಿಂದ ಅದು ಒಳಗೆ ಹೋಗಿ ಇಂಜಿನ್ನಿನ ಶಬ್ದ ಬದಲಾದ ಕೂಡಲೇ ನಾನು ಕೈ ಎತ್ತುವುದು. ಇಂಜಿನ್ನಿನ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಎಂದೋ ಸತ್ತಿತ್ತು. ಶಬ್ದ ನೀವೇ ಕೇಳಬಾರದೇ ಎಂದರೆ, “ಹೆಂಗಸರ ಕಿವಿ ಸೂಕ್ಷ್ಮ ಅಲ್ವಾ ಮಾರಾಯ್ತಿ” ಎಂಬ ಬೆಣ್ಣೆ ಬೇರೆ. ಸುಡುಬಿಸಿಲಲ್ಲಿ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದೆ. ಎದುರುಮನೆಯ ಒಮಾನಿ ಅಜ್ಜ ತನಗೇ ಸಲಾಂ ಅಂದುಕೊಂಡು ತಾನೂ ಕೈ ಎತ್ತಿದರು. ಎತ್ತಿದಷ್ಟು ಸಲವೂ! ನಮ್ಮ ಕಟ್ಟಡದಲ್ಲೇ ಬಹಳ ವಿನಯದ ಹೆಂಗಸು ನಾನೆಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು.

ಬಿರುಕು ಬಿಟ್ಟ ನಳಿಗೆ ಸಿಕ್ಕಿತು. ಶುಕ್ರವಾರವಾದ್ದರಿಂದ ಬಿಡಿಭಾಗದ ಅಂಗಡಿ ಮುಚ್ಚಿತ್ತು. ಸಂಜೆ ನಾನು ಬಿಪಿ ನೋಡಿಕೊಳ್ಳಲು ಕೂತರೆ ಯಂತ್ರ ಉಂಟು, ತೋಳಿನ ಪಟ್ಟಿ ಉಂಟು, ನಡುವಿನ ನಳಿಗೆ ಇಲ್ಲ! ಇಂಜಿನ್ನಿಗೆ ಅಳತೆ ಸರಿಯಾಗಿ ಕೂತಿತು ಎಂದು ಭಾವ ಮೆಚ್ಚುಗೆಯಿಂದ ಹೇಳಿದರು. ನನ್ನ ಬಿಪಿ ಏರಿಸುವ ಮನುಷ್ಯನೇ ಅದನ್ನು ಅಳೆಯುವ ದಾರಿಯನ್ನೂ ಕತ್ತರಿಸಿದರೆ ಯಾರಿಗೆ ದೂರು ಕೊಡುವುದು? ಗಂಡನಿಗೆ ಕೊಟ್ಟೆ. ಅವರು ಹೊಸ ಯಂತ್ರ ತಂದರು, ಅಣ್ಣನಿಗೆ ಒಂದು ಮಾತೂ ಹೇಳಲಿಲ್ಲ.

ತಪಾಸಣೆಯ ಹಿಂದಿನ ಶುಕ್ರವಾರ ಭಾವ ಮತ್ತೊಂದು ಸಣ್ಣ ಬಿರುಕು ಹುಡುಕಿ ಮುಚ್ಚಿದರು. ಇಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ಆಫಾಗದೆ ತಣ್ಣಗೆ ಓಡತೊಡಗಿತು. ಏರಿಕೆಯಿಲ್ಲ, ಇಳಿತವಿಲ್ಲ. ಸರಿಯಾಯಿತು ಭಾವ, ಎಂದೆ. ಅವರು ಬಗ್ಗಿದಲ್ಲಿಂದಲೇ, “ಈಗ ಹೇಗುಂಟು?” ಅಂದರು. ಸರಿಯಾಯಿತು ಎಂದೆ. “ಹೇಗುಂಟು ಹೇಳು?” ಮೂರನೆಯ ಸಲವೂ ಅದನ್ನೇ ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಇವರೇನು ನನ್ನನ್ನು ಆಟ ಆಡಿಸುವುದೇ ಎಂದು ಅಲ್ಲೇ ನಿಂತಿದ್ದ ಗಂಡನ ಕಡೆ ತಿರುಗಿ ರೇಗಿದೆ.

ಗಂಡ ನನ್ನನ್ನು ಪಕ್ಕಕ್ಕೆ ಕರೆದರು. “ಅಣ್ಣನ ಕಿವಿ ಹೋಗಿದೆ. ಅಷ್ಟು ವರ್ಷ ಆ ಮೆಷಿನ್‌ಗಳ ಪಕ್ಕ ನಿಂತದ್ದಲ್ವಾ. ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ದಾನೆ.”

ನನ್ನ ಸಿಟ್ಟು ನೆತ್ತಿಗೇರಿತು. ಹೇಳಬಾರದೇ? ನಾನೇನು ಹೊರಗಿನವಳೇ? ದಡದಡನೆ ಹೋಗಿ ಭಾವನ ಕಿವಿಗೇ ಬಾಯಿಟ್ಟು ಇಡೀ ಬೀದಿಗೆ ಕೇಳುವಂತೆ ಕೂಗಿದೆ: “ಕುಚ್ಚಲಕ್ಕಿ ಗಂಜಿ ಸಣ್ಣ ಉರಿಯಲ್ಲಿ ಬೇಯ್ತದಲ್ವಾ ಭಾವ, ಹಾಗುಂಟು! ಒಂದೇ ಸಮ!”

“ಎಂಥದಕ್ಕೆ ಬೊಬ್ಬೆ ಹಾಕುದು? ನನಗೆ ಕೇಳ್ತದೆ,” ಎಂದು ಅವರು ಗದರಿಸಿದರು. ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡರು.

ಭಾನುವಾರ ಕಾರು ಪಾಸಾದದ್ದು ಆಮೇಲಿನ ಮಾತು. ಆವತ್ತು ಅವರು ಬಾನೆಟ್ ಮುಚ್ಚಲಿಲ್ಲ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, “ಇನ್ನೊಮ್ಮೆ ಹೇಳು” ಎಂದರು.