ಇಳಿಜಾರಿನ ನೆಂಟಸ್ತಿಕೆ

ಸ್ನೇಹಿತರನ್ನು ಏನು ನೋಡಿ ಆರಿಸಿಕೊಳ್ಳಬೇಕು ಎಂಬುದರ ಬಗ್ಗೆ ಹಿರಿಯರು ಬಹಳ ಹೇಳಿದ್ದಾರೆ. ಗುಣ ನೋಡಬೇಕಂತೆ, ಕಷ್ಟಕಾಲಕ್ಕೆ ಆಗುತ್ತಾನೋ ಇಲ್ಲವೋ ನೋಡಬೇಕಂತೆ. ನಾನು ಮಾತ್ರ ಈಚೆಗೆ ಒಂದನ್ನೇ ನೋಡುತ್ತಿದ್ದೆ: ಅವರ ಮನೆಯ ಮುಂದಿನ ರಸ್ತೆ ಇಳಿಜಾರಾಗಿದೆಯೋ ಇಲ್ಲವೋ. ಇಳಿಜಾರಿದ್ದರೆ ಆ ಮನುಷ್ಯ ಎಷ್ಟೇ ಕೊರೆಯುವವನಾದರೂ ಸರಿ, ವಾರಕ್ಕೊಮ್ಮೆ ಹೋಗಿ ಅವನ ಸಕ್ಕರೆ ಕಾಯಿಲೆಯ ಕಥೆ ಕೇಳಿ ಬರುತ್ತಿದ್ದೆ. ರಸ್ತೆ ಮಟ್ಟಸವಾಗಿದ್ದರೆ ಪ್ರಾಣಸ್ನೇಹಿತನಿಗೂ ಫೋನಿನಲ್ಲೇ ನಮಸ್ಕಾರ. ಇದಕ್ಕೆಲ್ಲ ಕಾರಣ ನನ್ನ ಸಣ್ಣ ಕಾರು.

ಕಾರು ಹಳೆಯದು. ಬಣ್ಣ ಬಿಳಿ ಅಂತ ಕಾಗದದಲ್ಲಿದೆ. ಸಂಡೂರು ರಸ್ತೆಯ ಅದಿರು ಲಾರಿಗಳ ಹಿಂದೆ ಓಡಾಡಿ ಈಗ ಅದು ಅರಿಶಿನ ಕುಂಕುಮ ಕಂಡ ಮುತ್ತೈದೆಯ ಹಾಗಿದೆ. ಓಡುವಾಗ ಅದರಷ್ಟು ಸಂಭಾವಿತ ಗಾಡಿ ಇನ್ನೊಂದಿಲ್ಲ. ಆದರೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದು ಅದರ ಮರ್ಜಿ. ಕೀಲಿ ತಿರುಗಿಸಿದರೆ ಒಳಗೆಲ್ಲೋ ‘ಟಕ್’ ಅನ್ನುತ್ತದೆ, ಅಷ್ಟೆ. ದೀಪ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಎಂಜಿನ್ ಮಾತ್ರ ಮಾತಾಡುವುದಿಲ್ಲ. ನಾನು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ವಿದ್ಯುತ್ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು, ಬಾಣ ಹಾಕಿ, ಅಚ್ಚುಕಟ್ಟಾಗಿ ಮಾಡುತ್ತೇನೆ. ಆ ಬಾಣಗಳು ನನ್ನ ಕಾರಿನೊಳಗೆ ಎಲ್ಲಿ ದಾರಿ ತಪ್ಪುತ್ತವೆ ಎಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಕಾರು ಕೆಟ್ಟವನಿಗೆ ಸಲಹೆಯ ಬರ ಇರುವುದಿಲ್ಲ. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ; ‘ಟಕ್’. ಬ್ಯಾಟರಿಗೆ ಬರುವ ತಂತಿಯ ತುದಿಗೆ ಬಿಳಿ ಪುಡಿ ಕಟ್ಟಿದೆ, ಬಿಸಿನೀರು ಸುರಿಯಿರಿ ಎಂದರು, ಸುರಿದೆ, ‘ಟಕ್’. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯವರು, “ಸ್ಟಾರ್ಟರ್ ಮೋಟರ್‌ಗೆ ಪಾನಾ ತಗೊಂಡು ಎರಡು ಬಡೀರಿ ಮೇಷ್ಟ್ರ, ಬುದ್ಧಿ ಬರ್ತೈತಿ” ಎಂದರು. ಬಡಿದೆ. ನನ್ನ ಹೆಂಡತಿ ಶೈಲಾ ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಕೊನೆಗೆ ಗ್ಯಾರೇಜಿಗೆ ಒಯ್ದೆ. ನಮ್ಮ ಹುಡುಗರು ಮನೆಯಲ್ಲಿ ಗಿಣಿಯ ಹಾಗೆ ಒಪ್ಪಿಸುವ ಪಾಠವನ್ನು ತಪಾಸಣೆಗೆ ಬಂದ ಸಾಹೇಬರ ಮುಂದೆ ಮರೆಯುತ್ತಾರೆ. ಈ ಕಾರಿನದು ತದ್ವಿರುದ್ಧ. ಮೆಕ್ಯಾನಿಕ್‌ನ ಮುಂದೆ ಮುಟ್ಟಿದ ಕೂಡಲೇ ಸ್ಟಾರ್ಟ್ ಆಯಿತು, ಹತ್ತು ಸಲ ಮಾಡಿದರೂ ಆಯಿತು.

“ಎಲ್ಲಾ ಬರೋಬರಿ ಐತ್ರಿ ಸರ್. ಕೆಟ್ಟಾಗ ತಗೊಂಡ್ ಬರ್ರಿ” ಎಂದ ಅವನು.

“ಕೆಟ್ಟಾಗ ಹೆಂಗಪ್ಪಾ ತರ್ಲಿ?” ಎಂದು ಕೇಳಿದೆ. ಅವನು ಬಾನೆಟ್ಟು ಮುಚ್ಚಿ ಪಕ್ಕದ ಗಾಡಿಯ ಕಡೆ ನಡೆದ.

ಹೀಗಾಗಿ ನಾನು ಇಳಿಜಾರಿನ ಮೊರೆ ಹೊಕ್ಕೆ. ಕೀಲಿ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರಿಗೆ ಹಾಕಿ ಗಾಡಿಯನ್ನು ಉರುಳಲು ಬಿಡಬೇಕು. ಓಟ ಬಂದಾಗ ಗಪ್ಪನೆ ಕ್ಲಚ್ ಬಿಟ್ಟರೆ ಎಂಜಿನ್ ಬೆಚ್ಚಿ ಎದ್ದು ಕೂರುತ್ತದೆ. ದೇವರ ದಯೆಯಿಂದ ನಮ್ಮ ಮನೆ ಕಾಲುವೆ ಏರಿಯ ಪಕ್ಕದ ಇಳುಕಲಿನಲ್ಲಿದೆ. ಶಾಲೆಯ ಗೇಟಿನ ಮುಂದೂ ಒಂದಿಷ್ಟು ಇಳಿಜಾರು. ಹಂಪಿಯಲ್ಲಂತೂ ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಅಷ್ಟು ಏರು ತಗ್ಗಿನಲ್ಲಿ ರಾಜಧಾನಿ ಕಟ್ಟಿದವರ ದೂರದೃಷ್ಟಿ ನನಗೆ ಈಗ ಅರ್ಥವಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ ಸಂಡೂರಿನ ಗುಡ್ಡಗಳು. ಯಶವಂತನಗರದ ಗುಡ್ಡದ ಓರೆಯಲ್ಲಿ ನನ್ನ ಹಳೆಯ ಸಹಪಾಠಿ ಮಂಜುನಾಥನ ಮನೆ. ಓದುವಾಗ ನಾವಿಬ್ಬರೂ ಅಷ್ಟಕ್ಕಷ್ಟೆ. ಈಗ ಎರಡು ಭಾನುವಾರಕ್ಕೊಮ್ಮೆ ನಾನು ಹಾಜರ್. “ಈ ಕಾಲದಾಗ ಯಾರು ಯಾರನ್ನ ನೆನಸ್ತಾರ ಹೇಳು, ನೀ ಒಬ್ಬನ ನೋಡು ನನಗ” ಎಂದು ಅವನು ಒಮ್ಮೆ ಕಣ್ಣೊರೆಸಿಕೊಂಡ. ನಾನು ಕಿಟಕಿಯಿಂದಾಚೆ ಅವನ ಮನೆಯ ಮುಂದಿನ ಅಪರೂಪದ ಇಳಿಜಾರನ್ನು ನೋಡುತ್ತ ತಲೆಯಾಡಿಸಿದೆ.

ಆದರೆ ಕಂಪ್ಲಿಯಲ್ಲಿ ಇಳಿಜಾರಿಲ್ಲ. ಕಂಪ್ಲಿಯಲ್ಲಿ ನನ್ನ ಅಕ್ಕ ಇದ್ದಾಳೆ.

ಗಂಗಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನ ಮನೆಯೇ ಅವಳಿಗೆ ತವರುಮನೆ. ಭಾವನವರದು ಅಕ್ಕಿ ಮಿಲ್ಲು; ಮಿಲ್ಲಿನ ಅಂಗಳಕ್ಕೆ ಅಂಟಿಕೊಂಡೇ ಮನೆ. ಸುತ್ತ ಗದ್ದೆ ಬಯಲು. ಅದು ಸಾಲದೆಂಬಂತೆ ಭತ್ತ ಒಣಗಿಸಲು ಆ ಅಂಗಳಕ್ಕೆ ಮಟ್ಟಗೋಲು ಹಿಡಿದು ಸಿಮೆಂಟು ಹಾಕಿಸಿದ್ದಾರೆ. ಗೋಲಿ ಇಟ್ಟರೂ ಉರುಳುವುದಿಲ್ಲ. ಯುಗಾದಿಗೆ ಹೋದಾಗ ಅಲ್ಲಿ ‘ಟಕ್’ ಅಂದಿತು. ಹಮಾಲರು ಮೂಟೆ ಇಳಿಸಿ ಬಂದು, ಹರವಿದ ಭತ್ತದ ಮೇಲೆಯೇ ಕಾರನ್ನು ತಳ್ಳಿದರು. ಭಾವ ಮಿಲ್ಲಿನ ಕಟ್ಟೆಯ ಮೇಲೆ ನಿಂತು, “ಮುಂದಿನ ಸಲ ಎತ್ತು ಕಳಸ್ತೀನಿ ತಗೋ ಮೇಷ್ಟ್ರ, ಹೂಡ್ಕೊಂಡು ಬರುವಂತಿ” ಎಂದರು. ಹಮಾಲರು ನಕ್ಕರು. ಅಕ್ಕನೂ ನಕ್ಕಳು. ಅವತ್ತಿನಿಂದ ನಾನು ಕಂಪ್ಲಿಯ ಕಡೆ ತಲೆ ಹಾಕಲಿಲ್ಲ. ಅಕ್ಕನಿಗೆ ಕಾರಣ ಹೇಳಲಿಲ್ಲ, ಪರೀಕ್ಷೆ ಅಂದೆ, ಪೇಪರ್ ತಿದ್ದುವುದು ಅಂದೆ, ಟ್ರೇನಿಂಗ್ ಅಂದೆ. ಅಷ್ಟರಲ್ಲಿ ಮಂಜುನಾಥ ಯಾವುದೋ ಮದುವೆಯಲ್ಲಿ ಸಿಕ್ಕು ಅವಳೆದುರು ನನ್ನ ಸ್ನೇಹವನ್ನು ಹೊಗಳಿದನಂತೆ.

ನಾಗರಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ತಮ್ಮನೋ ಅಣ್ಣನೋ ಹೋಗಿ ಅಕ್ಕತಂಗಿಯರನ್ನು ಕರೆತರಬೇಕು. ನಾನು ಫೋನು ಮಾಡಿ, “ಅಕ್ಕಾ, ಹಬ್ಬಕ್ಕ ಬಾ” ಎಂದೆ.

“ಫೋನಿನ್ಯಾಗ ಕರದ್ರ ಬರಾಕ ನಾ ಏನು ಪಾರ್ಸಲ್ಲೇನೋ?” ಎಂದಳು. ಆಮೇಲೆ ದನಿ ಇಳಿಸಿ, “ಸಂಡೂರಿಗೆ ಹೋಗಾಕ ನಿನಗ ಪುರುಸೊತ್ತು ಐತಿ. ಇರ್ಲಿ ಬಿಡು ಬಸು. ಅವ್ವ ಹೋದ ದಿನಾನ ನನ್ನ ತವರು ಮುಗೀತು ಅನ್ಕೋತೀನಿ” ಎಂದು ಇಟ್ಟುಬಿಟ್ಟಳು.

ಶೈಲಾ ಉಂಡಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, “ಅಕ್ಕ ಬರ್ಲಿಲ್ಲಂದ್ರ ಈ ಉಂಡಿ ಯಾರಿಗೂ ಬ್ಯಾಡ” ಎಂದಳು. ಮರುದಿನವೇ ಹೊರಟೆ. ಯೋಚನೆ ಪಕ್ಕಾ ಮಾಡಿಕೊಂಡಿದ್ದೆ: ಎಂಜಿನ್ ಆಫ್ ಮಾಡುವುದೇ ಇಲ್ಲ. ಚಾಲೂ ಇಟ್ಟೇ ಇಳಿಯುವುದು, ಬಾಗಿಲಲ್ಲಿ ನಿಂತು ಕರೆಯುವುದು, ಕೂರಿಸಿಕೊಂಡು ಬರುವುದು. ದಾರಿಯಲ್ಲಿ ಕಂಪ್ಲಿ ಬಸ್ಸೊಂದು ಮುಂದೆ ಸಿಕ್ಕಿ, ಕಂಡಕಂಡಲ್ಲಿ ನಿಂತು, ಬುಕ್ಕಸಾಗರದವರೆಗೂ ನನ್ನ ಜೀವ ತಿಂದಿತು. ಅದು ನಿಂತಾಗಲೆಲ್ಲ ನನ್ನ ಎಂಜಿನ್ನೂ ನಿಂತೀತೆಂದು ಆಕ್ಸಿಲರೇಟರ್ ಒತ್ತುತ್ತ ಆ ಬಸ್ಸಿಗೆ ಮನಸಾರೆ ಬೈದೆ.

ಅಂಗಳದಲ್ಲಿ ಕಾರು ನಿಲ್ಲಿಸಿ, ಗುರ್ ಅನ್ನುತ್ತಿದ್ದ ಅದನ್ನು ಹಾಗೇ ಬಿಟ್ಟು ಇಳಿದೆ. ಅಕ್ಕ ಬಾಗಿಲಿಗೆ ಬಂದಳು. ನನ್ನನ್ನು ಕಂಡು ಮುಖ ಅರಳಿತು. ಆಮೇಲೆ ಅವಳ ಕಣ್ಣು ಕಾರಿನ ಕಡೆ ಹೋಯಿತು. ಅರಳಿದ ಮುಖ ಹಾಗೇ ಮುದುಡಿತು.

“ಬಂಡಿ ಬಂದ್ ಮಾಡದಷ್ಟು ಅವಸರ ಏನೋ?” ಎಂದಳು. “ಒಂದು ವಾಟಗ ನೀರು ಕುಡಿಯೂತನಾರ ಅದನ್ನ ಆರಿಸಬಾರದೇನು? ಯಾರ ಒತ್ತಾಯಕ್ಕ ಬಂದಿ?”

ಇಷ್ಟು ದಿನ ಮುಚ್ಚಿಟ್ಟಿದ್ದನ್ನೆಲ್ಲ ಆಗ ಹೇಳಿದೆ. ಆಫ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲ, ಹಮಾಲರು ನಗುತ್ತಾರೆ, ಅದಕ್ಕೇ ಬರುತ್ತಿರಲಿಲ್ಲ, ಸಂಡೂರಿನಲ್ಲಿ ಇಳಿಜಾರಿದೆ, ಎಲ್ಲ. ಹೇಳುತ್ತ ಹೇಳುತ್ತ ನನಗೇ ಅದು ಹಸಿ ಸುಳ್ಳಿನಂತೆ ಕೇಳಿಸಿತು. ಅಕ್ಕ ಒಂದು ಮಾತೂ ನಂಬಲಿಲ್ಲ. “ಯುಗಾದಿಗೆ ಕೆಟ್ಟದ್ದು ಇನ್ನೂತನಕ ರಿಪೇರಿ ಆಗಿಲ್ಲೇನು? ಚಂದ ಕಥಿ ಕಟ್ತಿ” ಎಂದು ಒಳಗೆ ತಿರುಗಿದಳು. ಇನ್ನೇನೂ ತೋಚದೆ ನಾನು ಹೋಗಿ ಕೀಲಿ ತಿರುಗಿಸಿಬಿಟ್ಟೆ. ಎಂಜಿನ್ ಆರಿತು. ಮಿಲ್ಲಿನ ಸದ್ದೊಂದೇ ಉಳಿಯಿತು. ಕೀಲಿಯನ್ನು ತಂದು ಅವಳ ಕೈಯಲ್ಲಿಟ್ಟು, “ರೊಟ್ಟಿ ಮಾಡು, ಹಸಿವಾಗೈತಿ” ಎಂದೆ.

ಅವತ್ತು ಅಲ್ಲೇ ಉಳಿದೆ. ಅಕ್ಕ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡಿದಳು. ಬೆಳಿಗ್ಗೆ ಕಾರು ತಳ್ಳಲೆಂದು ಹಮಾಲರು ಸಾಲಾಗಿ ನಿಂತರು. ಭಾವ ಪಂಚೆ ಎತ್ತಿ ಕಟ್ಟಿದರು. ಅಕ್ಕನೂ ಸೆರಗು ಸಿಕ್ಕಿಸಿಕೊಂಡಳು. ನಾನು ತಲೆ ತಗ್ಗಿಸಿ ಕೀಲಿ ತಿರುಗಿಸಿದೆ. ಅಯ್ಯೋ ಶಿವನೇ, ಕಾರು ಒಂದೇ ಮಾತಿಗೆ ಸ್ಟಾರ್ಟ್ ಆಯಿತು! ಆರಿಸಿದೆ, ತಿರುಗಿಸಿದೆ, ಮತ್ತೆ ಆಯಿತು. ಎಲ್ಲರೂ ಕಾರನ್ನು ಬಿಟ್ಟು ನನ್ನನ್ನೇ ನೋಡಿದರು. ಜೀವನದಲ್ಲಿ ಅಕ್ಕನಿಗೆ ಹೇಳಿದ ಒಂದೇ ಒಂದು ಕಷ್ಟದ ಸತ್ಯವನ್ನು ಆ ಕಾರು ಹಮಾಲರ ಮುಂದೆ ಸುಳ್ಳು ಮಾಡಿತು.

ಅಕ್ಕ ಚೀಲ ಹಿಡಿದು ಪಕ್ಕದಲ್ಲಿ ಕೂತಳು. ಎಷ್ಟೋ ದೂರ ಬಂದ ಮೇಲೆ, “ಇರ್ಲಿ ಬಿಡೋ. ಸುಳ್ಳು ಹೇಳಿದ್ರೂ ಬಂಡಿ ಬಂದ್ ಮಾಡಿದ್ಯಲ್ಲಾ, ಸಾಕು” ಎಂದಳು.

ಕ್ಷಮೆ ಸಿಕ್ಕಿದರೂ ನನಗೆ ಸಮಾಧಾನವಿಲ್ಲ. ಮಾಡದ ತಪ್ಪಿಗೆ ಕ್ಷಮೆ ಪಡೆಯುವುದು ಬಲು ಕಷ್ಟ. ದಾರಿಯಲ್ಲಿ ಚಹಾದ ನೆಪ ಮಾಡಿ ಆಫ್ ಮಾಡಿದೆ, ಸ್ಟಾರ್ಟ್ ಆಯಿತು. ಎಳನೀರಿನ ನೆಪ ಮಾಡಿದೆ, ಆಯಿತು. ಹಬ್ಬವೂ ಆಯಿತು, ಉಂಡಿಯೂ ಮುಗಿಯಿತು, ಅಕ್ಕ ಶೈಲಾಳ ಜೊತೆ ಜೋಕಾಲಿಯನ್ನೂ ಆಡಿದಳು. ವಾಪಸು ಬಿಟ್ಟುಬರಲೆಂದು ಬೆಳಿಗ್ಗೆ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ.

‘ಟಕ್.’

ನನಗಾದ ಸಂತೋಷ ಏನು ಹೇಳಲಿ! ಮಗ ಪಾಸಾದಾಗಲೂ ಅಷ್ಟು ಕುಣಿದಿರಲಿಲ್ಲ. “ಅಕ್ಕಾ, ಜಲ್ದಿ ಬಾ, ಕೇಳಿಲ್ಲಿ!” ಎಂದು ಓಣಿಯೆಲ್ಲ ಕೇಳುವಂತೆ ಕೂಗಿದೆ. ಚೀಲ ಹಿಡಿದುಕೊಂಡೇ ಅವಳು ಬಂದು ಬಾನೆಟ್ಟಿಗೆ ಕಿವಿ ಹಚ್ಚಿದಳು. ಟಕ್. ಇನ್ನೊಮ್ಮೆ, ಟಕ್.

“ಅಂದ್ರ ನೀ ಅವತ್ತ ಹೇಳಿದ್ದು ಖರೇನ?”

“ಖರೇನ ಅಕ್ಕಾ! ಇದಕ್ಕ ನಾ ಬರ್ತಿರಲಿಲ್ಲ. ಇದೊಂದಕ್ಕ!”

ಅವಳ ಕಣ್ಣು ತುಂಬಿತು. ನನ್ನ ಗಲ್ಲ ಸವರಿ, “ಪಾಪ ನನ್ನ ತಮ್ಮ” ಎಂದಳು. ನಾನು ಗೆದ್ದೆ ಅಂದುಕೊಂಡೆ. ಅಕ್ಕ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

“ಅಲ್ಲೋ ಬಸು,” ಎಂದಳು, “ಕಂಪ್ಲಿಗೆ ಬಸ್ ಅದಾವಲ್ಲ?”

ನಾನು ಚೀಲ ಇಸಿದುಕೊಂಡು ಅವಳ ಜೊತೆ ಬಸ್ ಸ್ಟ್ಯಾಂಡಿಗೆ ನಡೆದೆ, ಬಸ್ಸನ್ನೂ ಹತ್ತಿದೆ. “ಹೆಣ್ಮಕ್ಕಳಿಗೆ ಪುಕ್ಕಟೆ, ನೀ ತಗೋ ಟಿಕೀಟು” ಎಂದು ಅಕ್ಕ ಕಿಟಕಿಯ ಪಕ್ಕ ಕೂತಳು. ಡ್ರೈವರ್ ಬಂದು ಕೀಲಿ ತಿರುಗಿಸಿದ. ಅಷ್ಟು ದೊಡ್ಡ ಬಸ್ಸು, ಮಟ್ಟಸ ನೆಲದ ಮೇಲೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಕ್ಕ ತಿರುಗಿ ನನ್ನ ಮುಖ ನೋಡಿದಳು. ನಾನು ಚಿಲ್ಲರೆ ಹುಡುಕತೊಡಗಿದೆ.