ಲೆಸ್ಲಿಯ ಮನೆಯ ಬಿರುಗಾಳಿ

ಲೆಸ್ಲಿ ಹ್ಯಾಡೋನ ಹತ್ತಿರ ಒಂದು ಸಿನಿಮಾ ಇತ್ತು. ಅದರ ಕೊನೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ನೋಡುತ್ತಾ ನಿದ್ದೆ ಹೋಗಿದ್ದನೆಂದಲ್ಲ, ಡಿಸ್ಕ್ ಕೆಟ್ಟಿತ್ತೆಂದೂ ಅಲ್ಲ. ಆ ಚಿತ್ರದಲ್ಲಿ ಒಂದು ಹಡಗು ಬಿರುಗಾಳಿಗೆ ಸಿಕ್ಕುತ್ತದೆ. ಅಲೆಗಳು ಗುಡ್ಡದಂತೆ ಎದ್ದು, ಹಡಗು ಕರಕರ ಎನ್ನುತ್ತ ಎಡಕ್ಕೆ ವಾಲಿ, ಇನ್ನೇನು ಆಗಿಯೇ ಹೋಯಿತು ಅನ್ನುವಷ್ಟರಲ್ಲಿ ಟಿವಿಯ ಕೆಳಗಿದ್ದ ರಿಸೀವರ್ 'ಟಕ್' ಎಂದು ಆರಿಹೋಗುತ್ತಿತ್ತು. ಸದ್ದೂ ಚಿತ್ರವೂ ಆ ಪೆಟ್ಟಿಗೆಯ ಮೂಲಕವೇ ಬರುತ್ತಿದ್ದರಿಂದ ಪರದೆಯೂ ಕಪ್ಪಾಗುತ್ತಿತ್ತು. ಇಡೀ ಸಮುದ್ರವನ್ನು ಯಾರೋ ಬಕೆಟ್ಟಿಗೆ ತುಂಬಿಕೊಂಡು ಎದ್ದುಹೋದ ಹಾಗೆ.

"ಸೌಂಡು ಕಮ್ಮಿ ಇಟ್ಕೊಂಡು ನೋಡಬಾರ್ದಾ?" ಎಂದು ಹೆಂಡತಿ ಥೆಲ್ಮಾ ಎಷ್ಟೋ ಸಲ ಹೇಳಿದ್ದಳು.

"ಪಿಸುಗುಟ್ಟೋ ಬಿರುಗಾಳಿ ಎಲ್ಲಾದ್ರೂ ನೋಡಿದೀಯಾ?"

"ಹಾಗಾದ್ರೆ ಮುಂದಕ್ಕೆ ಓಡ್ಸಿ ಕೊನೆ ನೋಡ್ಕೊಂಡುಬಿಡು."

"ಅದು ಮೋಸ."

ಲೆಸ್ಲಿ ಮೆಕೈ ಎಂಬ ಊರಿನಲ್ಲಿ ಕಬ್ಬು ಸಾಗಿಸುವ ರೈಲು ಓಡಿಸುವವನು. ಕಟಾವಿನ ತಿಂಗಳುಗಳಲ್ಲಿ ದಿನವಿಡೀ ಎಂಜಿನ್ನಿನ ಹೊಟ್ಟೆಯೊಳಗೇ ಕೂತಿರುವ ಅವನಿಗೆ ಎದೆಗೆ ತಾಗದ ಸದ್ದು ಸದ್ದೇ ಅಲ್ಲ. ಅದಕ್ಕೆಂದೇ ಮುಚ್ಚಿಹೋದ ಚಿತ್ರಮಂದಿರವೊಂದರಿಂದ ಬೀರುವಿನಷ್ಟೆತ್ತರದ ಸ್ಪೀಕರುಗಳನ್ನು ತಂದು ಹಿಂಬದಿ ಕೋಣೆಯಲ್ಲಿ ನಿಲ್ಲಿಸಿಕೊಂಡಿದ್ದ. ಅವನ್ನು ಕುಣಿಸುವ ತಾಕತ್ತು ಬಡಪಾಯಿ ರಿಸೀವರಿಗೆ ಇರಲಿಲ್ಲ. ಅಂಗಡಿಯವನೇ ಉಪಾಯ ಹೇಳಿಕೊಟ್ಟ: "ರಿಸೀವರ್ ಇರ್ಲಿ, ಅದು ತಲೆ. ಪಕ್ಕದಲ್ಲೊಂದು ಪವರ್ ಆಂಪ್ಲಿಫೈಯರ್ ಇಡಿ, ಅದು ತೋಳು. ತಲೆ ಹೇಳುತ್ತೆ, ತೋಳು ಎತ್ತುತ್ತೆ."

ಆ ತೋಳು ಶನಿವಾರ ಬೆಳಿಗ್ಗೆ ಬಂತು. ಕರುವಿನಷ್ಟು ಭಾರ. ಮನೆಯೋ ಕಂಬಗಳ ಮೇಲೆ ನಿಂತದ್ದು, ಮೆಟ್ಟಿಲೋ ಕಡಿದು. ಪೆಟ್ಟಿಗೆಯನ್ನು ತಬ್ಬಿಕೊಂಡು ಲೆಸ್ಲಿ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಬೇಲಿಯ ಮೇಲೆ ಪಕ್ಕದ ಮನೆಯ ಕಾರ್ಮು ಝಾಮಿಟ್‌ನ ತಲೆ ಕಾಣಿಸಿತು.

"ಏನದು? ಫ್ರಿಜ್ಜಾ?"

"ಆಂಪ್ಲಿಫೈಯರ್ರು."

"ನಿಲ್ಲು ನಿಲ್ಲು, ಬಂದೆ! ಹಿಡ್ಕೊಳೋದು ಹಾಗಲ್ಲ!"

ಕಾರ್ಮು ಕೆಳಗಿನಿಂದ ಹಿಡಿದುಕೊಂಡ. ಹಿಡಿದುಕೊಂಡ ಅನ್ನುವುದಕ್ಕಿಂತ ಮುಟ್ಟಿಕೊಂಡು ನಿಂತ ಅನ್ನಬೇಕು. ಅವನ ಬಲವೆಲ್ಲ ಬಾಯಲ್ಲೇ ಇತ್ತು. "ಎಡಕ್ಕೆ! ನಿನ್ನ ಎಡ ಅಲ್ಲ, ನನ್ನೆಡ!" ಅನ್ನುತ್ತಲೇ ಮೂವರೂ, ಅಂದರೆ ಇಬ್ಬರು ಗಂಡಸರೂ ಒಂದು ಪೆಟ್ಟಿಗೆಯೂ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡರು. ಬಿಡಿಸಲು ಎದುರು ಮನೆಯ ನೋಲೀನ್ ಬರಬೇಕಾಯಿತು. ನೋಲೀನ್ ಒಂದು ಕಾಲದಲ್ಲಿ ವಾಷಿಂಗ್ ಮಷೀನ್ ಮಾರುವ ಅಂಗಡಿಯಲ್ಲಿ ರಸೀದಿ ಬರೆಯುತ್ತಿದ್ದಳು. ಅಂದಿನಿಂದ ಪ್ಲಗ್ ಇರುವ ಯಾವ ವಸ್ತುವಾದರೂ ಅದರ ಬಗ್ಗೆ ಕೊನೆಯ ಮಾತು ಅವಳದೇ.

ಕೋಣೆಯಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಲೆಸ್ಲಿ ಟಾರ್ಚ್ ಕಚ್ಚಿಕೊಂಡು ಟಿವಿ ಸ್ಟ್ಯಾಂಡಿನ ಹಿಂದೆ ತೂರಿದ. ರಿಸೀವರಿನ ಬೆನ್ನ ತುಂಬ ತೂತುಗಳು. ಯಾವ ತೂತಿನ ಹಿಂದೆ ಏನಿದೆಯೋ ಎಂದು ಅವನಿಗೆ ಒಳಗೊಳಗೇ ಖುಷಿ. ಇಲಿಯ ಬಿಲದೆದುರು ಕೂತ ಬೆಕ್ಕಿನಂತೆ ಮೈಮರೆತ.

"ಸ್ಪೀಕರಿಗೆ ಹೋಗೋ ವೈರ್ ಕಿತ್ತು ಸೀದಾ ಆಂಪ್ಲಿಫೈಯರಿಗೆ ತುರುಕು!" ಕಾರ್ಮು ಮೇಲಿನಿಂದ ಕೂಗಿದ.

"ಸುಟ್ಟುಹೋಗುತ್ತೆ ಕಣಯ್ಯಾ!" ನೋಲೀನ್ ಹೌಹಾರಿದಳು. "ಲೆಸ್ಲಿ, ಅವನ ಮಾತು ಕೇಳ್ಬೇಡ. ಪ್ರೀ-ಔಟ್ ಅಂತ ಬರ್ದಿರೋ ಪುಟ್ಟ ತೂತು ಹುಡುಕು. ಬಲ ತುಂಬೋಕ್ಕೆ ಮುಂಚಿನ ಬಡಕಲು ಸೌಂಡು ಬರೋದು ಅದ್ರಲ್ಲೇ. ಆ ಬಡಕಲನ್ನ ಆಂಪ್ಲಿಫೈಯರಿಗೆ ಕೊಡ್ಬೇಕು, ಅದು ತಿನ್ಸಿ ದಪ್ಪ ಮಾಡಿ ಸ್ಪೀಕರಿಗೆ ಕಳ್ಸುತ್ತೆ."

"ವಾಷಿಂಗ್ ಮಷೀನಲ್ಲೂ ಪ್ರೀ-ಔಟ್ ಇತ್ತಾ?"

"ನಿನ್ನ ಬಾಯಿಗೊಂದು ಆಫ್ ಬಟನ್ ಇರ್ಬೇಕಿತ್ತು!"

ವಿಚಿತ್ರವೆಂದರೆ ನೋಲೀನ್ ಹೇಳಿದ್ದು ಸರಿಯಿತ್ತು. ಲೆಸ್ಲಿ ಕೇಬಲ್ ಸಿಕ್ಕಿಸಿದ. ಆದರೆ ಹೊರಬರಲು ಹೋದರೆ ಸೊಂಟ ಸಿಕ್ಕಿಕೊಂಡಿತ್ತು. ಕಾರ್ಮು ಅವನ ಕಾಲು ಹಿಡಿದು ಎಳೆದ, ನೋಲೀನ್ ಕಾರ್ಮುವಿನ ಬೆಲ್ಟು ಹಿಡಿದು ಎಳೆದಳು. ಅಂತೂ ಲೆಸ್ಲಿ ಈಚೆ ಬಂದ. ಅವನ ಅಂಗಿಯ ಗುಂಡಿಗಳು ಆಚೆಯೇ ಉಳಿದವು.

"ಹಾಕಲಾ?" ಎಂದು ಕೇಳಿ ಲೆಸ್ಲಿ ಸ್ವಿಚ್ ಒತ್ತಿದ.

ಮನೆಯೆಲ್ಲ ಆರಿತು. ಫ್ಯಾನು, ಫ್ರಿಜ್ಜು, ಅಡುಗೆಮನೆಯ ಓವನ್ನು, ಎಲ್ಲವೂ. ಆಮೇಲೆ ತಿಳಿದದ್ದೇನೆಂದರೆ, ಆ ಭಾರಿ ಪೆಟ್ಟಿಗೆ ಮೊದಲ ಗುಟುಕು ಕರೆಂಟು ಎಳೆದ ಗಳಿಗೆಯಲ್ಲೇ ಕಾರ್ಮು ಅಡುಗೆಮನೆಗೆ ನುಸುಳಿ ತನಗೊಂದು ಟೀ ಇರಲಿ ಎಂದು ಕೆಟಲ್ ಹಾಕಿದ್ದ.

ಅಡುಗೆಮನೆಯಿಂದ ಥೆಲ್ಮಾ ಬಂದಳು. ಕೈಯಲ್ಲೊಂದು ತಟ್ಟೆ. ತಟ್ಟೆಯಲ್ಲಿ ಅರೆಬೆಂದು ಕುಸಿದ ಪಾವ್ಲೋವಾ, ಮೊಟ್ಟೆಯ ಬಿಳಿ ನೊರೆಯ ಕೇಕು, ಗಾಳಿ ಬಿಟ್ಟ ಚೆಂಡಿನಂತೆ.

"ಇದು ಇವತ್ತು ಸಂಜೆ ನಮ್ಮ ಡ್ಯಾನ್ಸ್ ಗುಂಪಿಗೆ ಅಂತ ಮಾಡಿದ್ದು," ಎಂದಳು ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಲೆಸ್ಲಿಗೆ ಜಾಸ್ತಿ ಭಯ. "ಕೇಳು, ಲೆಸ್ಲಿ. ಸಂಜೆ ಒಳಗೆ ನಿನ್ನ ಈ ಸೌಂಡು ನೆಟ್ಟಗಾದ್ರೆ ಕೋಣೆ ನಿಂದು, ನಾನು ತುಟಿ ಬಿಚ್ಚಲ್ಲ. ಆಗ್ಲಿಲ್ವಾ, ಈ ಶವಪೆಟ್ಟಿಗೆಗಳೆಲ್ಲ ಮನೆ ಕೆಳಗೆ ಇಳೀತವೆ, ನನ್ನ ಹೊಲಿಗೆ ಮಷೀನ್ ಒಳಗೆ ಬರುತ್ತೆ."

ಕಾರ್ಮುವೂ ನೋಲೀನಳೂ ಸಾಕ್ಷಿಗಳಂತೆ ತಲೆಯಾಡಿಸಿದರು.

ಮನೆ ಕೆಳಗೆ ಎಂದರೆ ಮಳೆಗಾಲದಲ್ಲಿ ಕಪ್ಪೆಗಳ ಪಾಲು. ಲೆಸ್ಲಿಗೆ ಊಟ ರುಚಿಸಲಿಲ್ಲ. ಓವನ್ನೂ ಕೆಟಲ್ಲೂ ಆರಿಸಿ ಮತ್ತೆ ಸ್ವಿಚ್ ಹಾಕಿದ. ಈ ಸಲ ದೀಪಗಳು ಉಳಿದವು. ಆದರೆ ಸ್ಪೀಕರಿನಿಂದ 'ಗುಂಯ್' ಎಂಬ ಒಂದೇ ರಾಗ, ಡಬ್ಬಿಯಲ್ಲಿ ಕೂಡಿಹಾಕಿದ ದುಂಬಿಯಂತೆ.

ದುಂಬಿ ಎಲ್ಲಿ ಕೂತಿದೆಯೆಂದು ಮೂವರೂ ಹುಡುಕಿದರು. ಕಾರ್ಮು ಆಂಪ್ಲಿಫೈಯರಿನ ಬೆನ್ನು ತಟ್ಟಿದ. ನೋಲೀನ್ ಒಂದೊಂದೇ ತಂತಿ ಕಿತ್ತು ಕಿವಿಗೊಟ್ಟಳು. ಲೆಸ್ಲಿ ನೆಲದ ಮೇಲೆ ಬೋರಲು ಮಲಗಿ, ಛಾವಣಿಯಿಂದ ಇಳಿದು ಬಂದ ಟಿವಿ ಆಂಟೆನಾದ ತಂತಿಯನ್ನು ಸುಮ್ಮನೆ ಕುತೂಹಲಕ್ಕೆ ಎಳೆದ. ಗುಂಯ್ ನಿಂತಿತು. ಮತ್ತೆ ಸಿಕ್ಕಿಸಿದ, ಗುಂಯ್. ಕಿತ್ತ, ಮೌನ.

"ಹೋಯ್!" ಎಂದು ಚಪ್ಪಾಳೆ ತಟ್ಟಿದ. "ಕಳ್ಳ ಮೇಲಿಂದ ಇಳೀತಿದ್ದ!"

"ನಾನು ಅದನ್ನೇ ಹೇಳೋಳಿದ್ದೆ," ಎಂದಳು ನೋಲೀನ್.

ಹೊರಗೆ ಬಿಸಿಲು ಇಳಿಯುತ್ತಿತ್ತು. ಲೆಸ್ಲಿ ಡಿಸ್ಕ್ ಹಾಕಿದ. ಮೂವರೂ ಸೋಫಾದ ತುದಿಯಲ್ಲಿ ಕೂತರು. ಗಾಳಿ ಎದ್ದಿತು, ಕಿಟಕಿಯ ಗಾಜಿನ ಪಟ್ಟಿಗಳು ಹಲ್ಲು ಕಡಿದವು. ಅಲೆ ಎದ್ದಿತು, ಕಾರ್ಮುವಿನ ಕೈಯ ಟೀ ಬಟ್ಟಲಲ್ಲೂ ಅಲೆ ಎದ್ದಿತು. ಹಡಗು ಕರಕರ ಎನ್ನುತ್ತ ಎಡಕ್ಕೆ ವಾಲಿತು. ಲೆಸ್ಲಿ ಕಣ್ಣು ಮುಚ್ಚಿಕೊಂಡು 'ಟಕ್' ಎನ್ನುವುದಕ್ಕೆ ಕಾದ. ಟಕ್ ಅನ್ನಲಿಲ್ಲ! ಕಣ್ಣು ತೆರೆದರೆ ಹಡಗು ಇನ್ನೂ ವಾಲುತ್ತಿದೆ, ಅವನು ಎಂದೂ ಕಾಣದಷ್ಟು ವಾಲಿದೆ, ಗಡ್ಡದ ಕಪ್ತಾನ ಹಗ್ಗಕ್ಕೆ ಜೋತುಬಿದ್ದು ಏನೋ ಕೂಗಲು ಬಾಯಿ ತೆರೆದಿದ್ದಾನೆ...

ಚಿತ್ರ ನಿಂತಿತು. ರಿಮೋಟ್ ಹಿಡಿದು ಥೆಲ್ಮಾ ಬಾಗಿಲಲ್ಲಿ ನಿಂತಿದ್ದಳು.

"ಜಾಸ್ತಿ ಆಯ್ತಾ?" ಲೆಸ್ಲಿ ದಡಕ್ಕನೆ ಎದ್ದ. "ಆದ್ರೆ ನೆಟ್ಟಗಾಯ್ತಲ್ಲಾ? ನೀನೇ ಹೇಳಿದ್ದೆ..."

"ಒಣಗಿದ ಬಟ್ಟೆ ಎತ್ಕೊಳ್ತಿದ್ದೆ," ಎಂದಳು ಥೆಲ್ಮಾ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಬೆರಗಿತ್ತು. "ಅಲ್ಲಿ ಹಿತ್ತಲಲ್ಲಿ, ನೆಲದಿಂದ ನನ್ನ ಅಂಗಾಲಿಗೆ ಬಂತು ಲೆಸ್ಲಿ. ಅಂಗಾಲಿಗೆ! ನಾವು ಡ್ಯಾನ್ಸ್ ಮಾಡೋ ಸಭಾಂಗಣದ ಪ್ಲೇಯರ್ ಇದ್ಯಲ್ಲ, ಅದು ಸೊಳ್ಳೆ. ಹಿಂದಿನ ಸಾಲಿನವರಿಗೆ ತಾಳಾನೇ ಕೇಳ್ಸಲ್ಲ. ಸ್ವಲ್ಪ ನಮ್ಮ ಡ್ಯಾನ್ಸ್ ಹಾಡಿನ ಈ ಡಿಸ್ಕ್ ಹಾಕು."

ಹಾಕಿದ. ಗಿಟಾರು, ಡೋಲು. ಥೆಲ್ಮಾಳ ಹಿಮ್ಮಡಿ ತಾನಾಗಿ ಕುಣಿಯಿತು. ನೋಲೀನಳದೂ ಕುಣಿಯಿತು.

"ಸರಿಹೋಯ್ತು. ಎಲ್ರಿಗೂ ಫೋನ್ ಮಾಡಿ ಆಗಿದೆ," ಎಂದಳು ಥೆಲ್ಮಾ. "ಇನ್ಮೇಲೆ ಶನಿವಾರ, ಬುಧವಾರ ಇಲ್ಲೇ. ಕಾರ್ಮು, ಆ ಸೋಫಾ ಹೊರಗೆ ತಳ್ಳಿ."

"ಕೋಣೆ ನಂದು ಅಂತ ನೀನೇ ಅಂದಿದ್ದೆ!" ಲೆಸ್ಲಿ ಚೀರಿದ.

"ನಿಂದೇ ಕಣೋ, ಯಾರು ಇಲ್ಲ ಅಂದ್ರು? ನೀನಿಲ್ದೆ ಆಗುತ್ತಾ? ಹಾಡು ಹಾಕೋರು ಯಾರು ಮತ್ತೆ?"

ಅಷ್ಟರಲ್ಲೇ ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಜಾಲರಿ ಅಂಚಿನ ಅಂಗಿ, ಅಗಲ ಟೋಪಿ ತೊಟ್ಟ ಹೆಂಗಸರು ಒಬ್ಬರ ಹಿಂದೊಬ್ಬರು ಒಳಗೆ ಬಂದು, "ಅಯ್ಯೋ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಲೆಸ್ಲಿ ಇದನ್ನ!" ಎಂದು ಅವನ ಕೆನ್ನೆ ಹಿಂಡಿ ಸಾಲಾಗಿ ನಿಂತರು. ಲೆಸ್ಲಿ ಗುಂಡಿಯಿಲ್ಲದ ಅಂಗಿ ಹಿಡಿದುಕೊಂಡು ರಿಸೀವರಿನ ಪಕ್ಕ ಸ್ಟೂಲಿನ ಮೇಲೆ ಕೂತ. ಥೆಲ್ಮಾ ಚಿಟಿಕೆ ಹೊಡೆದಳು. ಅವನು ಬಟನ್ ಒತ್ತಿದ. ಮನೆ ಕಂಬಗಳ ಮೇಲೆ ನಡುಗತೊಡಗಿತು.

ಸೋಫಾ ತಳ್ಳಿ ಬಂದ ಕಾರ್ಮುವಿಗೆ ಗೆಳೆಯನ ಮುಖ ನೋಡಿ ನಿಜಕ್ಕೂ ಮರುಕವಾಯಿತು. ಬಗ್ಗಿ, ಹೆಗಲ ಮೇಲೆ ಕೈಯಿಟ್ಟು, ಕಿವಿಯಲ್ಲಿ ಕೂಗಿದ:

"ಮುಖ ಬಾಡಿಸ್ಕೋಬೇಡ ಕಣೋ! ಆ ಹಡಗು ಮುಳುಗಲ್ಲ! ನಾನು ಯಾವಾಗ್ಲೋ ನೋಡಿದೀನಿ!"

ಲೆಸ್ಲಿ ಎದ್ದು ನಿಂತು ಕಾರ್ಮುವಿಗೆ ಏನೋ ಹೇಳಿದ. ಬಹಳ ಹೊತ್ತು ಹೇಳಿದ. ಆ ಸದ್ದಿನಲ್ಲಿ ಅದರ ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ.